ಏಳು ರೊಟ್ಟಿಯ ಕಂಪ್ಯೂಟರು

ನನ್ನ ಅತ್ತೆ, ಅಂದರೆ ಹೆಂಡತಿಯ ಅವ್ವ, ನನ್ನ ಮದುವೆಯಾಗಿ ಇಪ್ಪತ್ತಮೂರು ವರ್ಷ ಕಳೆದರೂ ನನ್ನೊಂದಿಗೆ ನೇರವಾಗಿ ಒಂದು ಮಾತನ್ನೂ ಆಡಿರಲಿಲ್ಲ. ಸಿಟ್ಟಿನಿಂದಲ್ಲ, ಮರ್ಯಾದೆಯಿಂದ. ಅವರು ಬೆಳೆದ ಕಾಲದಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂಡುತ್ತಿರಲಿಲ್ಲ, ತಲೆಯ ಮೇಲಿನ ಸೆರಗು ಜಾರಲು ಬಿಡುತ್ತಿರಲಿಲ್ಲ, ಅಳಿಯನ ಮುಖ ನೋಡಿ ಮಾತಾಡುವುದಂತೂ ದೂರವೇ ಉಳಿಯಿತು. ಇಳಕಲ್ಲಿನ ಅದೇ ಓಣಿಯಲ್ಲಿ ಈಗಿನ ಅತ್ತೆಯರು ಅಳಿಯಂದಿರ ಹೆಗಲಿಗೆ ಹೆಗಲು ಕೊಟ್ಟು ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮತ್ತೆ ಮಾತ್ರ ಅಡುಗೆಮನೆಯ ಬಾಗಿಲ ಹಿಂದೆಯೇ ಉಳಿದುಬಿಟ್ಟರು.

ಹಾಗಂತ ಮಾತಿಗೇನೂ ಬರ ಇರಲಿಲ್ಲ. ನನಗೆ ಹೇಳಬೇಕಾದದ್ದನ್ನೆಲ್ಲ ಅವರು ಹೆಣ್ಣುಮಕ್ಕಳ ಮೂಲಕ ಹೇಳಿಸುತ್ತಿದ್ದರು. "ಅವರಿಗೆ ಕೇಳು, ಚಹಾ ಕುಡೀತಾರೇನು ಅಂತ." ನಾನು ನಾಲ್ಕು ಹೆಜ್ಜೆ ದೂರದಲ್ಲಿ ಕೂತು ಇದನ್ನು ಸ್ಪಷ್ಟವಾಗಿ ಕೇಳಿಸಿಕೊಳ್ಳುತ್ತಿದ್ದೆ. ಆದರೂ ಮಗಳು ನನ್ನ ಕಡೆ ತಿರುಗಿ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳುವವರೆಗೆ ಸುಮ್ಮನಿರುವುದು ನನ್ನ ಕರ್ತವ್ಯವಾಗಿತ್ತು. ಹೆಣ್ಣುಮಕ್ಕಳು ಯಾರೂ ಹತ್ತಿರವಿಲ್ಲದಿದ್ದರೆ ಅತ್ತೆ ಪಡಸಾಲೆಯ ನಡುವಿನ ಕಟ್ಟಿಗೆಯ ಕಂಬಕ್ಕೆ ಹೇಳುತ್ತಿದ್ದರು. "ಊಟ ಆರಾಕತ್ತೈತಿ, ಕೈಕಾಲು ತೊಳಕೊಂಡ್ರ ಛಲೋ ಆಕ್ಕೈತಿ." ನಾನೂ ಕಂಬದ ಕಡೆ ನೋಡಿ "ಬಂದೆ" ಅನ್ನುತ್ತಿದ್ದೆ. ಹೊಸದರಲ್ಲಿ ನಗು ಬರುತ್ತಿತ್ತು. ಆಮೇಲೆ ರೂಢಿಯಾಯಿತು.

ಇನ್ನು ನನ್ನ ವಿಷಯ. ನಾನು ಬಾಗಲಕೋಟೆಯ ನವನಗರದಲ್ಲಿರುವವನು. ಅಲ್ಲಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ವಿದ್ಯಾರ್ಥಿಗಳಿಗೆ ಮೋಟರು ಬಿಚ್ಚಿ ಜೋಡಿಸುವುದನ್ನು ಕಲಿಸುತ್ತೇನೆ. ಬಿಚ್ಚುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಯಾವ ಯಂತ್ರದ ಜೊತೆಗಾದರೂ ಬರುವ ಸೂಚನೆಯ ಹಾಳೆಯನ್ನು ಓದುವುದೆಂದರೆ ನನಗೆ ಮೊದಲಿನಿಂದಲೂ ಅವಮಾನ. ಮನೆಯಲ್ಲಿ ಹೆಂಡತಿ ಈ ಗುಣಕ್ಕೆ ಆಗಾಗ ಕಡಿವಾಣ ಹಾಕುತ್ತಾಳೆ. ಇಳಕಲ್ಲಿಗೆ ಹೋದರೆ ಕಡಿವಾಣವೇ ಇಲ್ಲ. ಅಲ್ಲಿ ಅಳಿಯನ ಮಾತಿಗೆ ಎದುರು ಮಾತು ಎಂಬುದಿಲ್ಲ. ಒಮ್ಮೆ ಆ ಮನೆಯ ಫ್ಯಾನಿನ ರೆಗ್ಯುಲೇಟರು ಬದಲಿಸಿಕೊಟ್ಟು, ಗುಂಡಿಯನ್ನು ತಿರುವುಮುರುವಾಗಿ ಕೂಡಿಸಿ ಬಂದಿದ್ದೆ. ಒಂದಕ್ಕೆ ಇಟ್ಟರೆ ಬಿರುಗಾಳಿ, ಐದಕ್ಕೆ ಇಟ್ಟರೆ ತೂಕಡಿಕೆ. ನಾಲ್ಕು ಬೇಸಿಗೆ ಅವರು ಹಾಗೆಯೇ ಬಳಸಿದರು. ನಾನಾಗಿ ಕಂಡುಹಿಡಿದು ಬೈದಾಗ ಗೊತ್ತಾದದ್ದು, ಎಲ್ಲರಿಗೂ ಮೊದಲ ದಿನವೇ ತಿಳಿದಿತ್ತು, ಹೇಳಿದರೆ ಅಳಿಯಂದಿರಿಗೆ ಬೇಸರವಾದೀತೆಂದು ಸುಮ್ಮನಿದ್ದರು.

ಹೋದ ವರ್ಷ ಆ ಮನೆಯ ಕಂಪ್ಯೂಟರು ನನ್ನ ಕೈಗೆ ಸಿಕ್ಕಿತು. ಅದು ಹೆಂಡತಿಯ ತಂಗಿಯದು. ನನ್ನ ಈ ನಾದಿನಿ ಅವ್ವನ ಜೊತೆಗೇ ಇರುವವಳು, ನನ್ನನ್ನು ಮಾಮಾ ಎನ್ನುತ್ತಾಳೆ. ಅತ್ತೆ ಮೊಣಕಾಲು ಸೋಲುವವರೆಗೆ ಮಗ್ಗದ ಮೇಲೆ ಕೂತು ಸೀರೆ ನೇಯ್ದವರು. ಮಗಳು ಮಗ್ಗ ಹತ್ತದೆ ಸೀರೆಯ ದಡಿಗಳ, ಅಂದರೆ ಅಂಚುಗಳ, ನಮೂನೆ ಬರೆಯಲು ಕಲಿತಳು. ಮೊದಲು ಚೌಕಳಿ ಹಾಳೆಯ ಮೇಲೆ ಚುಕ್ಕಿ ತುಂಬುತ್ತಿದ್ದಳು, ಈಗ ಅದನ್ನೇ ಕಂಪ್ಯೂಟರಿನಲ್ಲಿ ಮಾಡುತ್ತಾಳೆ. ಹತ್ತು ಹನ್ನೆರಡು ವರ್ಷ ಬೇರೆಯವರು ಹೇಳಿದ ನಮೂನೆಯನ್ನೇ ಬಿಡಿಸಿಕೊಟ್ಟವಳಿಗೆ ಮೊದಲ ಸಲ ಒಂದು ಅವಕಾಶ ಬಂದಿತ್ತು. ಹುನಗುಂದದ ಕಡೆಯ ಒಂದು ನೇಕಾರರ ಸಂಘದವರು ಅವಳ ಸ್ವಂತದ ಎಂಟು ಹೊಸ ದಡಿಗಳನ್ನು ನೋಡಲು ಸೋಮವಾರ ಮನೆಗೇ ಬರುವವರಿದ್ದರು. ಒಪ್ಪಿದರೆ ಮುಂದಿನ ಸೀರೆಗಳ ನಮೂನೆಗಳೆಲ್ಲ ಅವಳವೇ. ಎಂಟೂ ಒಮ್ಮೆಗೇ ತೋರಿಸಬೇಕು, ಅರ್ಧಂಬರ್ಧ ತೋರಿಸುವಂತಿಲ್ಲ ಎಂದು ಮೊದಲೇ ಹೇಳಿದ್ದರು. ಅವಳು ಐದು ಮುಗಿಸಿದ್ದಳು. ಮೂರು ಉಳಿದಿದ್ದವು. ಒಂದೊಂದಕ್ಕೆ ಒಂದು ಪೂರ್ತಿ ದಿನ ಬೇಕು.

ಕಂಪ್ಯೂಟರು ನೋಡಿದರೆ ಮುದಿಯಾಗಿತ್ತು. ಬೆಳಿಗ್ಗೆ ಗುಂಡಿ ಒತ್ತಿದರೆ ಅದು ಎದ್ದು ಕಣ್ಣು ಬಿಡುವಷ್ಟರಲ್ಲಿ ಅತ್ತೆಯ ಏಳು ರೊಟ್ಟಿ ಆಗುತ್ತಿದ್ದವು. ಇದು ನಾನು ಕಟ್ಟಿದ ಮಾತಲ್ಲ, ಅತ್ತೆಯದೇ ಲೆಕ್ಕ. ನಾದಿನಿ ಕಂಪ್ಯೂಟರು ಶುರು ಮಾಡುವ ಹೊತ್ತು, ಅತ್ತೆ ರೊಟ್ಟಿ ಬಡಿಯುವ ಹೊತ್ತು ಒಂದೇ. ಮಗಳು ಗುಂಡಿ ಒತ್ತಿದ ಸಪ್ಪಳ ಕೇಳಿ ಮೊದಲ ರೊಟ್ಟಿ ತಟ್ಟಲು ಕೂತರೆ, ಕಂಪ್ಯೂಟರು ತಯಾರಾದಾಗ ಬರುವ ಸಣ್ಣ ಗಂಟೆಯ ಸಪ್ಪಳಕ್ಕೆ ಏಳನೆಯದು ಹಂಚಿನ ಮೇಲಿರುತ್ತಿತ್ತು. ನನಗೆ ಫೋನಿನಲ್ಲಿ ಸಮಸ್ಯೆ ವಿವರಿಸುವಾಗ ನಾದಿನಿ "ಏಳು ರೊಟ್ಟಿ ಹೊತ್ತು ಹಿಡೀತೈತ್ರಿ ಮಾಮಾ" ಎಂದೇ ಹೇಳಿದಳು. ನಾನು ರೋಗವನ್ನು ಅಲ್ಲಿಂದಲೇ ಗುರುತಿಸಿದೆ. ಒಳಗಿನ ಡಿಸ್ಕು ಹಳೆಯ ಕಾಲದ್ದು, ತಟ್ಟೆ ತಿರುಗುವಂಥದ್ದು. ಅದರ ಬದಲು ತಿರುಗುವ ಭಾಗವೇ ಇಲ್ಲದ ಹೊಸ ನಮೂನೆಯ ಡಿಸ್ಕು ಹಾಕಿ, ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ನಕಲು ಮಾಡಿದರೆ ಆಯಿತು. ಕೆಲಸ ಒಂದು ಮಧ್ಯಾಹ್ನದ್ದು.

ಗುರುವಾರ ರಜೆ ಬಂದಿತ್ತು. ಶುಕ್ರವಾರ, ಶನಿವಾರ ನಾನು ಹಾಕಿಕೊಂಡೆ. ಹೆಂಡತಿ ಸಾಲಿ ಟೀಚರು, ಅವಳು ಶಾಲೆಯ ಮಕ್ಕಳನ್ನು ಕರೆದುಕೊಂಡು ಬಾದಾಮಿ, ಮಹಾಕೂಟದ ಪ್ರವಾಸಕ್ಕೆ ಹೋಗಬೇಕಿತ್ತು. ಹೊರಡುವಾಗ ಒಂದೇ ಮಾತು ಹೇಳಿದಳು. "ಅಲ್ಲಿ ನಿಮಗ ಯಾರೂ ತಪ್ಪು ಅನ್ನಂಗಿಲ್ಲ. ನೀವ ಸ್ವಲ್ಪ ನೋಡಿಕೊಂಡು ಮಾಡ್ರಿ." ಅಸೂಯೆ ಎಂದುಕೊಂಡು ನಾನು ಹೊಸ ಡಿಸ್ಕನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹುನಗುಂದದ ಮೇಲೆ ಹೋಗುವ ಬಸ್ಸು ಹತ್ತಿದೆ.

ಊಟವಾದ ಮೇಲೆ ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ವರ್ಷಗಳ ಧೂಳು, ಎಳೆಎಳೆಯಾದ ರೇಷ್ಮೆಯ ನಾರು, ಒಂದು ಸತ್ತ ಜಿರಳೆ ಹೊರಗೆ ಬಂದವು. ಹಳೆಯ ಡಿಸ್ಕಿನ ಪಕ್ಕದಲ್ಲೇ ಹೊಸದನ್ನು ಕೂಡಿಸಿದೆ. ಎರಡರ ಅಳತೆಯೂ ಒಂದೇ, ಬೇಕೆಂದೇ ಹಾಗೆ ತಂದಿದ್ದೆ. ನಕಲು ಮಾಡುವ ತಂತ್ರಾಂಶ ಹಾಕಿದಾಗ ಅದು ಹಳೆಯ ಡಿಸ್ಕಿನ ಭಾಗಗಳನ್ನು ಸಾಲಾಗಿ ತೋರಿಸಿ, ಯಾವುದನ್ನೆಲ್ಲ ನಕಲು ಮಾಡಲಿ ಎಂದು ಕೇಳಿತು. ಒಂದು ದೊಡ್ಡ ಭಾಗ, ಅದರಲ್ಲಿ ನಾದಿನಿಯ ದಡಿಗಳು, ಫೋಟೊಗಳು, ಎಲ್ಲ. ಅದರ ಬಗಲಿಗೆ ಅಂಗೈಯಗಲದ ಒಂದೆರಡು ಸಣ್ಣ ಭಾಗಗಳು, ಹೆಸರಿಲ್ಲ, ದೆಸೆಯಿಲ್ಲ. ಇವೆಲ್ಲ ಕಸ ಎಂದು ತೀರ್ಮಾನಿಸಿ ದೊಡ್ಡದಕ್ಕೆ ಮಾತ್ರ ಗುರುತು ಹಾಕಿದೆ. ಕಂಪ್ಯೂಟರನ್ನು ಎಬ್ಬಿಸುವ ಕೆಲಸವೇ ಆ ಹೆಸರಿಲ್ಲದ ಸಣ್ಣ ಭಾಗದ್ದು ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಸಂಜೆಗೆ ನಕಲು ಮುಗಿಯಿತು. ಪರದೆಯ ಮೇಲೆ ನಾಲ್ಕೈದು ಸಾಲಿನ ಒಂದು ಸೂಚನೆ ಬಂತು. ನಾನು ಅದರ ಮೊದಲ ಸಾಲು ಓದುತ್ತಿದ್ದೆ, ನಿಜಕ್ಕೂ ಓದುತ್ತಿದ್ದೆ, ಅಷ್ಟರಲ್ಲಿ ನಾದಿನಿ ಒಂದು ತಾಟು ಗಿರಮಿಟ್ಟು, ಮೇಲೆ ಎರಡು ಮಿರ್ಚಿ ಭಜಿ ಇಟ್ಟು ತಂದಳು. ಆ ಮನೆಯಲ್ಲಿ ಅಳಿಯನಿಗೆ ಅರ್ಧ ತಾಸಿಗೊಮ್ಮೆ ಏನಾದರೂ ತಿನ್ನಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಭಜಿ ಬಿಸಿ ಇತ್ತು. ನಾನು ಸೂಚನೆಯನ್ನು ಮುಚ್ಚಿದೆ. ಅದರಲ್ಲಿ ಬರೆದಿದ್ದದ್ದು ಇಷ್ಟೇ: ಈಗ ಕಂಪ್ಯೂಟರು ಬಂದ್ ಮಾಡಿ, ಹಳೆಯ ಡಿಸ್ಕಿನ ವೈರು ತೆಗೆದು, ಹೊಸದರಿಂದ ಶುರುವಾಗುತ್ತದೋ ನೋಡಿ.

ನಾನು ವೈರು ತೆಗೆಯಲಿಲ್ಲ. ಎರಡೂ ಡಿಸ್ಕುಗಳನ್ನು ಒಳಗೇ ಬಿಟ್ಟು, ಬೇಡದ ಹತ್ತಾರು ತಂತ್ರಾಂಶಗಳನ್ನು ಕಿತ್ತುಹಾಕಿ, ಮತ್ತೆ ಶುರು ಮಾಡಿದೆ. ಮೊದಲಿಗಿಂತ ಚುರುಕಾಗಿ ಎದ್ದಿತು. ಒಂದೇ ಥರದ ಎರಡು ಡ್ರೈವು ಕಂಡವು. ಮೊದಲನೆಯದು ಹೊಸದು, ಎರಡನೆಯದು ಹಳೆಯದು ಎಂದು ನಾನೇ ನನಗೆ ಹೇಳಿಕೊಂಡೆ. ಕೇಳಿದ್ದರೆ ಕಂಪ್ಯೂಟರು ಬೇರೆ ಹೇಳುತ್ತಿತ್ತು. ನಾನು ಕೇಳಲಿಲ್ಲ. ನಡೆದದ್ದೇನೆಂದರೆ, ಅದು ಹಳೆಯ ಡಿಸ್ಕಿನಿಂದಲೇ ಎದ್ದು, ಹಳೆಯ ಡಿಸ್ಕಿನಲ್ಲೇ ಸಂಸಾರ ಮುಂದುವರಿಸಿತ್ತು. ಹೊಸದು ಮಗ್ಗುಲಲ್ಲಿ ಸುಮ್ಮನೆ ಕೂತ ಬೀಗರಂತಿತ್ತು.

"ಮುಗೀತು. ಇನ್ನ ನಿನ್ನ ದಡಿ ನೀ ತಗಿ" ಎಂದು ನಾದಿನಿಗೆ ಹೇಳಿ ನಾನು ಮಡಿಚಿದ್ದ ಅಂಗಿಯ ತೋಳು ಕೆಳಗಿಳಿಸಿಕೊಂಡೆ.

ಮರುದಿನ ಬೆಳಿಗ್ಗೆ ಅವಳು ಗುಂಡಿ ಒತ್ತಿದಳು. ಒಳಗಿನಿಂದ ರೊಟ್ಟಿ ತಟ್ಟುವ ಸಪ್ಪಳ ಶುರುವಾಯಿತು. ಗಂಟೆ ಬಾರಿಸಿದ ಮೇಲೆ ಅತ್ತೆ ಬಾಗಿಲ ಸಂದಿಯಿಂದ ಮಗಳಿಗೆ ಹೇಳಿದರು. "ಐದು ರೊಟ್ಟಿ ಆತು." ನಾನು ಇದನ್ನು ಮೆಚ್ಚುಗೆ ಎಂದು ತೆಗೆದುಕೊಂಡೆ. ಏಳರಿಂದ ಐದಕ್ಕೆ ಇಳಿಸುವುದು ಸಣ್ಣ ಮಾತೇ? ಹೊಸ ಡಿಸ್ಕಿನ ಮಹಿಮೆ, ಇದು ಸಪ್ಪಳವನ್ನೂ ಮಾಡುವುದಿಲ್ಲ ಎಂದು ಕಂಬಕ್ಕೆ ಕೇಳುವಂತೆ ಹೇಳಿದೆ.

ನಾದಿನಿ ಆರನೆಯ ದಡಿಗೆ ಕೂತಳು. ಗೋಮಿ ಎನ್ನುವ ಕೆಂಪು ಅಂಚುಪಟ್ಟಿಯ ಒಳಗೆ ಜೋಳದ ತೆನೆಯ ಸಾಲು. ನಾನು ಮಂಚದ ಮೇಲೆ ಕೂತು ಪೇಪರು ಓದುತ್ತ ಆಗಾಗ ಅವಳ ಕಡೆ ನೋಡುತ್ತಿದ್ದೆ. ಪ್ರತಿ ಹತ್ತು ನಿಮಿಷಕ್ಕೆ ಅವಳು ಕೆಲಸ ಉಳಿಸುವಳು, ಅಂದರೆ ಸೇವ್ ಮಾಡುವಳು, ಡಬ್ಬಿಯೊಳಗಿನಿಂದ ಕಿರ್ ಎಂದು ಸಣ್ಣ ಸಪ್ಪಳ ಬರುವುದು. ಮಧ್ಯಾಹ್ನ ಅತ್ತೆ ಒಳಗಿನಿಂದ ಕೇಳಿಸಿದರು.

"ಅವರಿಗೆ ಕೇಳು, ಹೊಸಾದು ಸಪ್ಪಳ ಮಾಡಂಗಿಲ್ಲ ಅಂದಿದ್ರಲ್ಲ, ಮತ್ತ ಕಿರ್ ಅನ್ನೋದು ಯಾವುದು ಅಂತ."

ನಾದಿನಿ ನನ್ನ ಕಡೆ ತಿರುಗಿದಳು. ಅವಳ ಬಾಯಿಂದ ಬರುವಾಗ ಮಾತಿನ ಮೂಲೆಗಳೆಲ್ಲ ಸವೆದಿದ್ದವು. "ಮಾಮಾ, ಸ್ವಲ್ಪ ಸಪ್ಪಳ ಬರತೈತಿ, ಹಂಗ ಇರತೈತೇನ್ರಿ?"

"ಹಂಗ ಇರತೈತಿ" ಎಂದೆ. ಹಳೆಯದಕ್ಕೂ ಕರೆಂಟು ಹೋಗುತ್ತದೆ, ಅದು ಕೆಲಸವಿಲ್ಲದಿದ್ದರೂ ತಿರುಗುತ್ತಿರುತ್ತದೆ, ರಿಟೈರ್ ಆದವರು ದಿನಾ ಆಫೀಸಿಗೆ ಹೋಗಿ ಕೂತು ಬಂದಂತೆ ಎಂದು ವಿವರಿಸಿದೆ. ನನ್ನ ಉಪಮೆ ನನಗೇ ಹಿಡಿಸಿತು. ಒಳಗಿನಿಂದ ಮತ್ತೆ ಮಾತು ಬರಲಿಲ್ಲ. ನನ್ನ ಮಾತು ಒಪ್ಪಿಗೆಯಾಯಿತೆಂದು ಭಾವಿಸಿದೆ.

ಕೆಲಸ ಮುಗಿದಿದ್ದರಿಂದ ಶುಕ್ರವಾರವೇ ಹೊರಟು ನಿಂತೆ. ಬಿಡಲಿಲ್ಲ. ಅವ್ವ ಹೋಳಿಗೆಗೆ ಬೇಳೆ ನೆನೆಹಾಕಿದ್ದಾಳೆ ಎಂದಳು ನಾದಿನಿ. ಶನಿವಾರ ಏಳನೆಯ ದಡಿ ಮುಗಿಯಿತು, ರಾತ್ರಿ ಎದ್ದಿದ್ದು ಎಂಟನೆಯದನ್ನೂ ಅರ್ಧ ಮಾಡಿದಳು. ಭಾನುವಾರ ಅವಳು ನಸುಕಿನಲ್ಲೇ ಎದ್ದು ಕೂತು ಎಂಟನೆಯದನ್ನು ಹತ್ತು ಗಂಟೆಯ ಹೊತ್ತಿಗೆ ಮುಗಿಸಿಬಿಟ್ಟಳು. ಎದ್ದು ನಿಂತು ಬೆನ್ನು ಹಿಂದಕ್ಕೆ ಬಾಗಿಸಿ, "ಆತ್ರಿ ಮಾಮಾ, ಎಂಟೂ ಆದವು" ಎಂದಳು. ಆ ಎಂಟನೆಯದು ಚಂದವಿತ್ತು. ಬಾಗಿದ ಕುತ್ತಿಗೆಯ ನವಿಲುಗಳ ನಡುವೆ ಒಂದೊಂದು ದೀಪ. ಇಷ್ಟು ವರ್ಷ ಬೇರೆಯವರ ನವಿಲು ಬಿಡಿಸಿದವಳ ಕೈಯಲ್ಲಿ ಇಂಥ ನವಿಲು ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಮೆಚ್ಚಿದೆನೆಂದು ಹೇಳಿದೆ, ಅವಳು ನಾಚಿ ಒಳಗೆ ಹೋದಳು.

ನಾನು ಅಲ್ಲಿಗೇ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೊರಡುವ ಮುಂಚೆ ಕೆಲಸ ಅಚ್ಚುಕಟ್ಟಾಗಿ ಮುಗಿಸಬೇಕೆನಿಸಿತು. ಸಪ್ಪಳ ಮಾಡುವ ಹಳೆಯ ಡಿಸ್ಕಿನ ವೈರು ತೆಗೆದು, ಅತ್ತೆಗೆ ಹೊಸದರ ಮೌನ ಕೇಳಿಸೋಣ ಎಂದುಕೊಂಡೆ. ಬಂದ್ ಮಾಡಿ, ವೈರು ತೆಗೆದು, ಗುಂಡಿ ಒತ್ತಿದೆ.

ಪರದೆ ಕಪ್ಪಾಯಿತು. ಎಡ ಮೂಲೆಯಲ್ಲಿ ಇಂಗ್ಲಿಷಿನ ಒಂದೇ ಸಾಲು ಬಂತು. ಶುರು ಮಾಡಲು ಯಾವ ಡಿಸ್ಕೂ ಸಿಗುತ್ತಿಲ್ಲ ಎಂಬ ಅರ್ಥದ್ದು.

ಮತ್ತೆ ಒತ್ತಿದೆ. ಮತ್ತೆ ಅದೇ ಸಾಲು. ಬೆನ್ನ ಹಿಂದೆ ನಾದಿನಿ ಬಂದು ನಿಂತಿದ್ದಳು. "ಏನಾತ್ರಿ ಮಾಮಾ?" "ಏನಿಲ್ಲ, ಹಿಂಗ ಒಂದೊಂದ ಸಲ ಆಗತೈತಿ" ಎಂದೆ. ಎಂದೂ ಹೀಗೆ ಆದದ್ದನ್ನು ನಾನು ಕಂಡಿರಲಿಲ್ಲ. ಅವಳು ಕಿಟಕಿಯ ಕಟ್ಟೆಗೆ ಒರಗಿ ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಸುತ್ತುವುದು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹಳೆಯ ವೈರನ್ನು ಮತ್ತೆ ಸಿಕ್ಕಿಸಿದರೆ ಎಲ್ಲ ಸರಿಯಾಗುತ್ತಿತ್ತು, ನನಗೆ ಅದೂ ಹೊಳೆಯಿತು. ಆದರೆ ಹಾಗೆ ಮಾಡಿದರೆ ಮೂರು ದಿನದ ನನ್ನ ಪ್ರತಾಪದ ಗತಿಯೇನು? ಹೊಸದರಿಂದಲೇ ಎಬ್ಬಿಸುತ್ತೇನೆ ಎಂದು ಹಟ ಹಿಡಿದೆ. ಶುರುವಿನಲ್ಲಿ ಒಂದು ಗುಂಡಿ ಒತ್ತಿ ಹಿಡಿದರೆ ಬರುವ ನೀಲಿ ಪುಟಕ್ಕೆ ಹೋದೆ. ಯಾವ ಡಿಸ್ಕನ್ನು ಮೊದಲು ನೋಡಬೇಕೆಂಬ ಪಟ್ಟಿ ಅಲ್ಲಿರುತ್ತದೆ. ಹೊಸದನ್ನು ಮೇಲೆ ತಂದೆ. ಅದೇ ಸಾಲು. ಪಟ್ಟಿಯನ್ನು ಹಿಂದುಮುಂದು ಮಾಡಿದೆ. ಅದೇ ಸಾಲು. ವೈರು ಬೇರೆ ತೂತಿಗೆ ಹಾಕಿದೆ, ಡಿಸ್ಕಿನ ಬಾಯಿ ಊದಿದೆ, ಡಬ್ಬಿಯ ಬೆನ್ನಿಗೆ ಒಂದು ಬಾರಿಸಿದೆ. ಮೋಟರುಗಳು ಇಷ್ಟಕ್ಕೆ ಮಾತು ಕೇಳುತ್ತವೆ. ಇದು ಕೇಳಲಿಲ್ಲ.

ಕೊನೆಗೆ ಮೊಬೈಲಿನಲ್ಲಿ ಒಂದು ವಿಡಿಯೊ ಹುಡುಕಿದೆ. ಅದರಲ್ಲಿದ್ದ ಮನುಷ್ಯ ನನ್ನನ್ನೇ ನೋಡಿ ಹೇಳುವವನಂತೆ ಹೇಳಿದ. ಕೆಲವರು ದೊಡ್ಡ ಭಾಗವನ್ನಷ್ಟೇ ನಕಲು ಮಾಡಿ, ಪಕ್ಕದ ಸಣ್ಣ ಭಾಗವನ್ನು ಕಸವೆಂದು ಬಿಡುತ್ತಾರೆ. ಎಬ್ಬಿಸುವುದು ಆ ಸಣ್ಣದೇ, ಅದಿಲ್ಲದೆ ದೊಡ್ಡದು ಎಷ್ಟು ದೊಡ್ಡದಿದ್ದರೂ ಮಲಗಿಯೇ ಇರುತ್ತದೆ. ನಾದಿನಿಗೆ ಕೇಳಿಸದಿರಲೆಂದು ನಾನು ಸಪ್ಪಳ ಕಡಿಮೆ ಮಾಡಿದೆ.

ನನ್ನ ಚೀಲದಲ್ಲಿ ರಿಪೇರಿಗೆ ಬೇಕಾದ ಪೆನ್‌ಡ್ರೈವು ಇತ್ತು. ಅದರಿಂದ ಕಂಪ್ಯೂಟರು ಎಬ್ಬಿಸಿ, ವಿಡಿಯೊದವನು ಹೇಳಿದಂತೆ ಹೊಸ ಡಿಸ್ಕಿನ ಅಂಚಿನಲ್ಲಿ ಅಂಗೈಯಗಲ ಜಾಗ ಬಿಡಿಸಿ, ಸಣ್ಣ ಭಾಗ ಕಟ್ಟಿ, ಅದರಲ್ಲಿ ಎಬ್ಬಿಸುವ ಫೈಲುಗಳನ್ನು ಬರೆಸಿದೆ. ಒಂದೊಂದು ಅಕ್ಷರವನ್ನೂ ಎರಡೆರಡು ಸಲ ನೋಡಿ ಹೊಡೆದೆ. ನನ್ನ ಜೀವಮಾನದಲ್ಲಿ ಸೂಚನೆಯನ್ನು ಹಾಗೆ ಅಕ್ಷರಶಃ ಪಾಲಿಸಿದ್ದು ಅದೇ ಮೊದಲು. ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿ, ಒಳಗೆ ಅತ್ತೆ ಹಿಟ್ಟು ನಾದಿಕೊಂಡು ರೊಟ್ಟಿಗೆ ಕೂತಿದ್ದರು.

ಗುಂಡಿ ಒತ್ತಿದೆ. ಒಳಗೆ ಮೊದಲ ರೊಟ್ಟಿಯ ಪಟಪಟ ಶುರುವಾಯಿತು. ಅದು ನಿಲ್ಲುವ ಮುಂಚೆಯೇ ಗಂಟೆ ಬಾರಿಸಿತು. ಪರದೆ ತುಂಬ ಬೆಳಕು, ಡಬ್ಬಿಯೊಳಗೆ ಒಂದಿಷ್ಟೂ ಸದ್ದಿಲ್ಲ. ನಾದಿನಿ ಕೈ ಜೋಡಿಸಿ ನಕ್ಕಳು. ಒಳಗೆ ತಟ್ಟುವ ಕೈ ತಡೆಯಿತು.

"ಒಂದು ರೊಟ್ಟೀನೂ ಆಗಲಿಲ್ಲ" ಎಂದು ಅತ್ತೆ ಅಂದದ್ದು ಕೇಳಿಸಿತು. ಯಾರಿಗೆ ಅಂದದ್ದೆಂದು ಗೊತ್ತಾಗಲಿಲ್ಲ. ನಾನಂತೂ ಹಿಗ್ಗಿ ಹೀರೇಕಾಯಿಯಾಗಿದ್ದೆ. ಮೂರು ದಿನ ಐದು ರೊಟ್ಟಿ ಹಿಡಿದದ್ದು ಈಗ ಒಂದಕ್ಕೂ ಬಾರದೆ ಹೋದದ್ದು ಯಾಕೆಂದು ಕೇಳಿಕೊಳ್ಳುವ ಬುದ್ಧಿ ಆಗ ನನ್ನ ಹತ್ತಿರ ಇರಲಿಲ್ಲ.

ಇನ್ನು ಒಂದೇ ಕೆಲಸ ಉಳಿದಿತ್ತು. ಹಳೆಯ ಡಿಸ್ಕನ್ನು ಪೂರ್ತಿ ಅಳಿಸಿ ಖಾಲಿ ಮಾಡಿ ಅದೇ ಡಬ್ಬಿಯಲ್ಲಿ ಉಗ್ರಾಣದಂತೆ ಇಡುವುದು. ವಿಡಿಯೊದವನೂ ಅಂದಿದ್ದ, ಒಂದೇ ಥರದ ಎರಡು ಇದ್ದರೆ ಕಂಪ್ಯೂಟರಿಗೆ ಗಲಿಬಿಲಿ. ಹಳೆಯದರ ವೈರು ಮತ್ತೆ ಸಿಕ್ಕಿಸಿ, ಹೊಸದರಿಂದ ಎಬ್ಬಿಸಿ, ಹಳೆಯದರ ಮೇಲೆ ಬಾಣ ಇಟ್ಟು, ಅಳಿಸು ಎಂಬುದನ್ನು ಆರಿಸಿದೆ. ಖರೆ ಅಳಿಸಬೇಕೇ, ಅಳಿಸಿದ್ದು ತಿರುಗಿ ಬರುವುದಿಲ್ಲ ಎಂದು ಅದು ಕೇಳಿತು. ನಾನು ನಾದಿನಿಗೆ ಹೇಳಿದೆ, "ಇದರಾಗ ಇದ್ದದ್ದೆಲ್ಲಾ ಹೊಸಾದ್ರಾಗ ಬಂದೈತಿ, ಇನ್ನ ಇದರ ಹಂಗಿಲ್ಲ." ಅವಳು "ಹೌದ್ರಿ" ಎಂದಳು. ಬೆರಳು ಗುಂಡಿಯ ಮೇಲಿತ್ತು.

"ತಡೀರಿ."

ಧ್ವನಿ ಬಾಗಿಲ ಹಿಂದಿನಿಂದ ಬಂದದ್ದಲ್ಲ. ತಿರುಗಿ ನೋಡಿದರೆ ಅತ್ತೆ ಪಡಸಾಲೆಯ ನಡುವೆ, ಕಂಬದಿಂದ ಈಚೆ ನಿಂತಿದ್ದರು. ಎರಡೂ ಕೈಗೆ ಜೋಳದ ಹಿಟ್ಟು. ಸೆರಗು ಹೆಗಲಿಗೆ ಜಾರಿತ್ತು, ಹಿಟ್ಟಿನ ಕೈಯಾದ್ದರಿಂದ ಏರಿಸಿಕೊಂಡಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಅದನ್ನ ಅಳಸಬ್ಯಾಡ್ರಿ. ಮೂರು ದಿನದ್ದು ಅದರಾಗ ಐತಿ."

ನಾನು ಗುಂಡಿಯಿಂದ ಕೈ ತೆಗೆದೆ. ಮಾತಿಗೆ ಹೆದರಿ ತೆಗೆದದ್ದೋ, ಮಾತು ನನಗೇ ಬಂದದ್ದಕ್ಕೆ ಬೆಚ್ಚಿ ತೆಗೆದದ್ದೋ ಹೇಳಲಾರೆ.

"ಆಕಿ ಉಳಸಿದಾಗೊಮ್ಮೆ ಹಳೇದು ಕಿರ್ ಅಂತಿತ್ತು" ಎಂದರು ಅತ್ತೆ. "ಸುಮ್ಮ ತಿರುಗೂದಾಗಿದ್ರ ಒಂದ ಸಮ ಅನಬೇಕಿತ್ತು. ಇದು ಆಕಿ ಉಳಸಿದಾಗ ಅಷ್ಟ ಅಂತಿತ್ತು. ಈಗ ಹೊಸಾದು ಒಂದ ರೊಟ್ಟಿ ಆಗೂದರಾಗ ಎದ್ದೈತಿ. ಮತ್ತ ಮೂರು ದಿನ ಐದು ರೊಟ್ಟಿ ಯಾರು ತಿಂದರು? ಎದ್ದದ್ದು ಹಳೇದ, ಬರದದ್ದೂ ಅದರಾಗ."

ನಾನು ಹೊಸ ಡಿಸ್ಕಿನಲ್ಲಿ ನಾದಿನಿಯ ದಡಿಗಳ ಕಡತ ತೆಗೆದೆ. ಐದು ಇದ್ದವು. ಗುರುವಾರದ ಆಚೆಗೆ ಏನೂ ಇರಲಿಲ್ಲ. ನಾದಿನಿ ಬಾಗಿ ಮತ್ತೊಮ್ಮೆ ಎಣಿಸಿದಳು, ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಹಳೆಯದರಲ್ಲಿ ತೆಗೆದೆ. ಎಂಟು. ಜೋಳದ ತೆನೆ ಅಲ್ಲೇ ಇತ್ತು. ನವಿಲೂ ಇತ್ತು, ದೀಪವೂ ಇತ್ತು. ಒಂದು ಬೆರಳು ಒತ್ತುವಷ್ಟು ಅಂತರದಲ್ಲಿ ಇವೆಲ್ಲ ಉಳಿದಿದ್ದವು. ಕಾಗದದ ಮೇಲೆ ಅವುಗಳ ಗುರುತು ಒಂದೂ ಇರಲಿಲ್ಲ. ಸೋಮವಾರಕ್ಕೆ ಇದ್ದದ್ದು ಒಂದು ಮಧ್ಯಾಹ್ನ, ಬೇಕಾದದ್ದು ಮೂರು ದಿನ.

ಮೂರೂ ದಡಿಗಳನ್ನು ಹೊಸದಕ್ಕೆ ತಂದೆ, ಪೆನ್‌ಡ್ರೈವಿಗೆ ಹಾಕಿದೆ, ನನ್ನ ಮೊಬೈಲಿಗೆ ಹಾಕಿದೆ, ನಾದಿನಿಯ ಮೊಬೈಲಿಗೂ ಹಾಕಿದೆ. ಸಾಧ್ಯವಿದ್ದರೆ ಕಂಬಕ್ಕೂ ಒಂದು ಪ್ರತಿ ಕೊಡುತ್ತಿದ್ದೆ.

ಅತ್ತೆ ಇನ್ನೂ ಅಲ್ಲೇ ನಿಂತಿದ್ದರು. ಮೂಲೆಯಲ್ಲಿ ಬಟ್ಟೆ ಹೊದ್ದಿದ್ದ ತಮ್ಮ ಹಳೆಯ ಮಗ್ಗದ ಕಡೆ ಹಿಟ್ಟಿನ ಕೈ ತೋರಿಸಿದರು. "ಹಾಸು, ಅಂದ್ರ ಮಗ್ಗದ ಉದ್ದ ಎಳಿ, ಮುಗದ ಮ್ಯಾಲೆ ಹಳೇದನ್ನ ಕಿತ್ತು ಒಗಿಯಂಗಿಲ್ರಿ ನಾವು. ಗೇಣುದ್ದ ಬಿಟ್ಟಿರ್ತೇವಿ. ಹೊಸಾ ಹಾಸಿನ ಒಂದೊಂದ ಎಳಿ ಹಳೇದರ ತುದಿಗೆ ಗಂಟ ಹಾಕಿ, ಎಲ್ಲಾ ಗಂಟು ಮಗ್ಗದ ಹಣಿಗಿ ದಾಟಿ ಈ ಕಡೆ ಬಂದು, ನಾಕು ಬೆರಳು ನೇದು ನೋಡಿ, ಆಮ್ಯಾಲೆ ಹಳೇದು ಕತ್ತರಸೂದು. ನೀವು ಗಂಟು ದಾಟ್ಯಾವೋ ಇಲ್ಲೋ ನೋಡದ ಕತ್ತರಿ ಹಿಡಕೊಂಡ್ರಿ."

ನನ್ನ ಜೀವನದಲ್ಲಿ ಡಿಸ್ಕು ಬದಲಿಸುವುದರ ಬಗ್ಗೆ ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. "ಶುಕ್ರವಾರನ ಹೇಳಬೇಕಿತ್ತಲ್ರಿ ಅತ್ತಿ" ಎಂದೆ, ದನಿ ಸಣ್ಣಗಾಗಿತ್ತು.

"ಹೇಳಿಸಿದ್ದೆ. ನೀವು ರಿಟೈರ್ ಆದವರ ಕಥಿ ಹೇಳಿದ್ರಿ."

ನಾದಿನಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಇನ್ನೂ ಹಾಗೇ ಇತ್ತು, ಅದರ ಮೇಲೆಯೇ ನಕ್ಕಳು. ಅತ್ತೆಗೆ ಆಗ ಸೆರಗಿನ ನೆನಪಾಯಿತು. ಮೊಣಕೈಯಿಂದ ಅದನ್ನು ತಲೆಗೆ ತಳ್ಳಿಕೊಂಡು ಒಳಗೆ ಹೋದರು. ಹಂಚಿನ ಮೇಲಿದ್ದ ರೊಟ್ಟಿ ಕರಕಲಾಗಿತ್ತು. ಆ ಮನೆಯಲ್ಲಿ ಇಪ್ಪತ್ತಮೂರು ವರ್ಷಗಳಲ್ಲಿ ನಾನು ಕಂಡ ಮೊದಲ ಸುಟ್ಟ ರೊಟ್ಟಿ ಅದು. ಅದನ್ನು ನಾನು ಕೇಳಿ ಹಾಕಿಸಿಕೊಂಡು ತಿಂದೆ.

ಊಟ ಮಾಡುತ್ತ ನನಗೆ ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಡಿಸ್ಕಿನ ತಪ್ಪಿಗಲ್ಲ, ಅಂಥ ತಪ್ಪು ಯಾರಾದರೂ ಮಾಡುತ್ತಾರೆ. ಆ ಹೆಂಗಸಿಗೆ ಶುಕ್ರವಾರವೇ ಸಂಶಯ ಬಂದಿತ್ತು. ಮಗಳ ಇಷ್ಟು ವರ್ಷಗಳ ಆಸೆ ಆ ಡಬ್ಬಿಯೊಳಗಿತ್ತು. ಆದರೂ ಅಳಿಯನ ಮರ್ಯಾದೆಗೆ ಕಟ್ಟುಬಿದ್ದು ಎರಡು ದಿನ ಬಾಗಿಲ ಹಿಂದೆ ನುಂಗಿಕೊಂಡು ಕೂತಿದ್ದರು. ನಾನು ಆ ಮರ್ಯಾದೆಯನ್ನು ಹೋಳಿಗೆಯ ಜೊತೆ ತುಪ್ಪ ಬಡಿಸಿಕೊಂಡಂತೆ ಬಡಿಸಿಕೊಳ್ಳುತ್ತ ಬಂದಿದ್ದೆ. ಅದು ನನಗೆ ಸಲ್ಲಬೇಕಾದದ್ದೇ ಎಂದುಕೊಂಡಿದ್ದೆ.

ಸೋಮವಾರ ಮತ್ತೊಂದು ರಜೆ ಹಾಕಿ ಅಲ್ಲೇ ಉಳಿದೆ. ಸಂಘದವರು ಮೂವರು ಬಂದರು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂಡುವಷ್ಟರಲ್ಲಿ ಕಂಪ್ಯೂಟರು ಎದ್ದು ಕಾಯುತ್ತಿತ್ತು. ನಾದಿನಿ ಒಂದೊಂದೇ ದಡಿ ತೋರಿಸಿದಳು, ಮೊದಲು ಮೆಲ್ಲಗೆ, ಆಮೇಲೆ ಧೈರ್ಯದಿಂದ. ಎಂಟನೆಯದು ಬಂದಾಗ ಅವರಲ್ಲಿ ಹಿರಿಯರು ಚಹಾದ ಬಸಿ ಕೆಳಗಿಟ್ಟು ಪರದೆಯ ಹತ್ತಿರ ಬಾಗಿದರು. "ಈ ನವಿಲು ಎಲ್ಲಿಂದ ತಗದೀರಿ ತಂಗಿ?" ಎಂದು ಕೇಳಿದರು. "ನಾನ ಬರದದ್ದರಿ" ಎಂದಳು. ಅವರು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮುಂದಿನ ಹಾಸಿನಾಗ ಇದನ್ನ ಮೊದಲ ಹಾಕಸ್ತೇವಿ. ಉಳದ ಏಳೂ ನಮಗ ಬೇಕು" ಎಂದರು ಹಿರಿಯರು. ಅಡುಗೆಮನೆಯ ಬಾಗಿಲ ಹಿಂದೆ ಬಳೆಯ ಸಪ್ಪಳವಾಯಿತು.

ಅವರು ಹೋದ ಮೇಲೆ ನಾದಿನಿ ಅಕ್ಕನಿಗೆ ಫೋನು ಮಾಡಲು ಅಂಗಳಕ್ಕೆ ಓಡಿದಳು. ಅವಳ ಮಾತಿನಲ್ಲಿ ದಡಿ ನಾಲ್ಕು ಸಲ ಬಂದರೆ ನನ್ನ ಕತ್ತರಿ ಆರು ಸಲ ಬರುತ್ತಿತ್ತು. ಅತ್ತ ಬಾಗಲಕೋಟೆಯಲ್ಲಿ ಹೆಂಡತಿ ನಗುವುದು ಇತ್ತ ಪಡಸಾಲೆಗೆ ಕೇಳಿಸುತ್ತಿತ್ತು. ನಾನು ಒಬ್ಬನೇ ಕೂತು ಡಬ್ಬಿಗೆ ಮುಚ್ಚಳ ಹಾಕಿ ಸ್ಕ್ರೂ ಬಿಗಿಯುತ್ತಿದ್ದೆ. ಹಳೆಯ ಡಿಸ್ಕು ಅಳಿಸಿರಲಿಲ್ಲ. ನಾಲ್ಕು ಬೆರಳು ನೇಯ್ದು ನೋಡಿದ ಮೇಲೆ ಅಳಿಸಿದರಾಯಿತೆಂದು ಬಟ್ಟೆಯಲ್ಲಿ ಸುತ್ತಿ ಮಗ್ಗದ ಮೇಲಿಟ್ಟಿದ್ದೆ.

ಒಳಗಿನಿಂದ ಧ್ವನಿ ಬಂತು.

"ರೊಟ್ಟಿ ಆರಾಕತ್ತಾವು. ಏಳ್ರಿ."

ಇಪ್ಪತ್ತಮೂರು ವರ್ಷದ ರೂಢಿ. ನಾನು ತಲೆಯೆತ್ತಿ ಕಂಬದ ಕಡೆ ನೋಡಿ "ಬಂದೆ" ಎಂದೆ.

ಅತ್ತೆ ಬಾಗಿಲ ಹೊಸ್ತಿಲ ಮೇಲೆ ನಿಂತಿದ್ದರು.

"ಕಂಬಕ್ಕ ಏನ್ ಹೇಳ್ತೀರಿ," ಎಂದರು, "ನಾ ಇಲ್ಲೇ ಅದೇನಿ."